ಸಿಟ್ಟಿನ ಲೆಕ್ಕ ಬರೆದಿಟ್ಟ ಮೂರು ತಿಂಗಳು

ನನ್ನ ಸಿಟ್ಟೆಲ್ಲ ಮನೆಯವರಿಗೇ ಮೀಸಲಾಗಿತ್ತು. ಆಫೀಸಿನಲ್ಲಿ ಯಾರು ಏನೇ ಅಂದರೂ ನಗುತ್ತಾ ಕೇಳಿಸಿಕೊಂಡು ಬರುತ್ತಿದ್ದೆ. ಮನೆ ಬಾಗಿಲು ದಾಟುವಷ್ಟರಲ್ಲಿ ಶುರುವಾಗುತ್ತಿತ್ತು. "ಹೊರಗಿನವರ ಹತ್ತಿರ ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಪ್ಪ" ಅಂತ ಮಗಳು ಒಮ್ಮೆ ಹೇಳಿದಳು. ಹೊಗಳಿದಳು ಅಂದುಕೊಂಡೆ. ರಾತ್ರಿ ಮಲಗಿದ ಮೇಲೆ ಅರ್ಥವಾಯಿತು.

ಮರುದಿನವೇ ಒಂದು ನೋಟ್‌ಬುಕ್ ಇಟ್ಟೆ. ಯಾರ ಮೇಲೆ ಸಿಟ್ಟು ಬಂತು, ಯಾಕೆ ಬಂತು, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು, ಇಷ್ಟೇ ಬರೆಯೋದು. ಕೊನೆಯದೇ ಕಷ್ಟ. ಮೊದಲ ವಾರ ಪೂರ್ತಿ 'ಏನೂ ಇರಲಿಲ್ಲ' ಅಂತ ಬರೆದಿದ್ದೇನೆ. ಸುಳ್ಳು.

ಮಗಳು ತಡವಾಗಿ ಬಂದ ದಿನ ಅದು ಬಯಲಾಯಿತು. ಅವಳ ಫೋನ್ ಸ್ವಿಚ್ ಆಫ್. ಒಂದೂವರೆ ಗಂಟೆ ಬಾಗಿಲು ನೋಡುತ್ತಾ ಕೂತಿದ್ದೆ. ಅವಳು ಒಳಗೆ ಬಂದ ಕೂಡಲೇ ಜೀವ ಬಂದ ಹಾಗಾಗಬೇಕಿತ್ತು, ಅಲ್ವಾ? ನಾನು ಕೂಗಾಡಿದೆ. ಅವಳಿಗೆ ಸಿಕ್ಕಿದ್ದು ಆ ಕೂಗು ಮಾತ್ರ. ಅದರ ಹಿಂದಿನ ಒಂದೂವರೆ ಗಂಟೆಯ ಕಳವಳ ಅವಳಿಗೆ ಕಾಣಲೇ ಇಲ್ಲ. ಅವತ್ತು ನೋಟ್‌ಬುಕ್ಕಿನಲ್ಲಿ 'ಹೆದರಿಕೆ' ಅಂತ ಬರೆದೆ.

ಸಿಟ್ಟನ್ನು ಹೊರಗೆ ಹಾಕಿದರೆ ಹಗುರಾಗುತ್ತೆ ಅಂತ ನಂಬಿ ದಿಂಬಿಗೆ ಗುದ್ದಿದ್ದೂ ಉಂಟು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದ ಮೇಲೆ ಬಿಟ್ಟೆ. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಇತ್ತು. ಸುಮ್ನೆ ಕೂತಿದ್ದವರದ್ದು ಕಡಿಮೆ.

ನನಗೆ ಕೈಹಿಡಿದದ್ದು ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್ ಹೇಳುವ 20 ನಿಮಿಷದ ಬಿಡುವು. ಎದೆಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಎದುರಿನವರ ಮಾತು ತಲೆಗೆ ಹೋಗೋದು ಕಷ್ಟ, ಮೈ ತಣ್ಣಗಾಗಲು ಅಷ್ಟಾದರೂ ಸಮಯ ಬೇಕು ಅಂತ ಅವರ ಮಾತು. ಮೊದಮೊದಲು ಎಡವಟ್ಟು ಮಾಡಿಕೊಂಡೆ. ಏನೂ ಹೇಳದೆ ಎದ್ದು ಹೋಗುತ್ತಿದ್ದೆ. "ಕೂಗಾಡಿದ್ದರೇ ವಾಸಿ ಇತ್ತು" ಅಂದಳು ಹೆಂಡತಿ. ಈಗ "ಇಪ್ಪತ್ತು ನಿಮಿಷ ಕೊಡು, ಬರ್ತೀನಿ" ಅಂತ ಹೇಳಿ ಹೋಗುತ್ತೇನೆ. ಹೇಳಿದ ಹಾಗೆ ವಾಪಸ್ ಬರಲೇಬೇಕು. ಆ ಹೊತ್ತಿನಲ್ಲಿ ಮುಂದಿನ ವಾದ ಜೋಡಿಸುತ್ತಾ ಕೂತರೆ ಬಿಡುವು ತಗೊಂಡೂ ದಂಡ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮೂರು ತಿಂಗಳ ಹಾಳೆಗಳಲ್ಲಿ ಆಫೀಸಿನದು ಒಂದೂ ಇಲ್ಲ. ಜೊತೆಯವನೊಬ್ಬನಿಗೆ ಕಣ್ಣೆದುರೇ ಅನ್ಯಾಯವಾದಾಗಲೂ ನಕ್ಕು ಸುಮ್ಮನಿದ್ದೆ. ಅದನ್ನು ತಾಳ್ಮೆ ಅನ್ನಲು ನನಗೇ ನಾಚಿಕೆ.

ಹೋದ ತಿಂಗಳು ಮಗಳು ಮತ್ತೆ ತಡ ಮಾಡಿದಳು. ಬಾಗಿಲು ತೆಗೆದೆ. "ಹೆದರಿಬಿಟ್ಟಿದ್ದೆ ಕಣಮ್ಮ" ಅಂದೆ. ದನಿ ಆಗಲೂ ಸ್ವಲ್ಪ ಜೋರಾಗಿಯೇ ಇತ್ತು. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತು, ಯಾಕೆ ತಡವಾಯಿತು ಅಂತ ಮೊದಲಿಂದ ಹೇಳತೊಡಗಿದಳು.