ಕಿಲೊಮೀಟರ್ ಆಮೇಲೆ ಕೇಳಿ, ಮೊದಲು ಕ್ರೇಟ್ ಎಣಿಸಿ: ಎಲೆಕ್ಟ್ರಿಕ್ ಗಾಡಿ ಬುಕ್ ಮಾಡುವ ಮುನ್ನ

ಶೋರೂಮಿಗೆ ಕಾಲಿಟ್ಟ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದ್ ಚಾರ್ಜಿಗೆ ಎಷ್ಟ್ ಓಡುತ್ತೆ?’ ಕೋಲಾರದ ಎಪಿಎಂಸಿ ಯಾರ್ಡಿಗೆ ಟೊಮೆಟೊ ಸಾಗಿಸುವವರಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು ತೂಕ. ಯಾರೂ ಕೇಳದ ಮೂರನೆಯದು ಮನೆಯ ಪ್ಲಗ್ಗು.

ತೂಕದ ಲೆಕ್ಕ

ಒಂದು ವಾರ ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಟ್ರಿಪ್, ಪ್ರತಿ ಟ್ರಿಪ್ಪಿಗೆ ಎಷ್ಟು ಕ್ರೇಟ್, ಎಷ್ಟು ಕಿ.ಮೀ. ಸರಾಸರಿ ತೆಗೆಯಬೇಡಿ, ಅತಿ ಹೆಚ್ಚು ದುಡಿದ ದಿನವನ್ನೇ ಅಳತೆಗೋಲು ಮಾಡಿಕೊಳ್ಳಿ.

ಕೋಲಾರದ ಬಾಕ್ಸ್ ಎಂದರೆ 15 ಕೆ.ಜಿ. ಹಣ್ಣು. ಪ್ಲಾಸ್ಟಿಕ್ ಕ್ರೇಟ್ ಸೇರಿ ಸುಮಾರು 17. ಟಾಟಾದ ಎಲೆಕ್ಟ್ರಿಕ್ ಸಣ್ಣ ಟ್ರಕ್ ಏಸ್ ಇವಿ 2022ರಲ್ಲಿ ಬಂದಾಗ ಹೊರುವ ತೂಕ 600 ಕೆ.ಜಿ. ಇತ್ತು, ಅಂದರೆ 35 ಕ್ರೇಟ್. 2024ರಲ್ಲಿ ಬಂದ ಏಸ್ ಇವಿ 1000 ಒಂದು ಟನ್ ಹೊರುತ್ತದೆ. ಅದಕ್ಕೆ 58 ಕ್ರೇಟ್. ಡೀಸೆಲ್ ಏಸ್, ಅಂದರೆ ‘ಚೋಟಾ ಹಾಥಿ’ಗೆ ಹಗ್ಗ ಬಿಗಿದು ಎಂಬತ್ತು ಪೇರಿಸಿದರೆ ಏರಿನಲ್ಲಿ ಅದು ಉಬ್ಬಸ ಬಿಟ್ಟು ಹೇಳಿಬಿಡುತ್ತದೆ. ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವುದರಿಂದ ಓವರ್‌ಲೋಡ್ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮೀಟರಿನ ಶೇಕಡಾ ಇಳಿಯುವಾಗ, ಟೈರು ಸವೆದಾಗ.

ಈಗ ಕಿಲೊಮೀಟರ್

2022ರ ಏಸ್ ಇವಿಯ ಬ್ಯಾಟರಿ 21.3 ಯೂನಿಟ್, ಕಂಪನಿ ಹೇಳಿದ ದೂರ 154 ಕಿ.ಮೀ. ಅದು ಪರೀಕ್ಷಾ ಪಟ್ಟಿಯ ಅಂಕಿ. ತುಂಬು ಲೋಡಿಗೆ ಯೂನಿಟ್ಟಿಗೆ 5 ಕಿ.ಮೀ. ಹಿಡಿದರೆ 105ರ ಆಸುಪಾಸು; ಕೊನೆಯ ಶೇ 15 ಮುಟ್ಟದೆ ಬಿಟ್ಟರೆ 90. ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿ.ಮೀ. ಒಂದು ಸಲ ಹೋಗಿ ಬಂದರೆ ನಿಶ್ಚಿಂತೆ, ಎರಡನೇ ಟ್ರಿಪ್ಪಿಗೆ ನಡುವೆ ಚಾರ್ಜ್ ಬೇಕು. ಬೆಂಗಳೂರಿಗೆ ಹೋಗಿ ಬರಲು 140 ಕಿ.ಮೀ. ಅಲ್ಲಿ ಇಳಿಸುವ ಜಾಗದಲ್ಲೇ ಚಾರ್ಜರ್ ಇದ್ದರೆ ಮಾತ್ರ ಆ ಬಾಡಿಗೆ ಒಪ್ಪಿಕೊಳ್ಳಿ.

ಎಸ್‌ಯುವಿಯವರಿಗೆ ಇನ್ನೊಂದು ಸೂಕ್ಷ್ಮ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಚೆನ್ನೈ ದಡದಲ್ಲಿದೆ. ಜನ ಕೂತ 2.2 ಟನ್ ಗಾಡಿಯನ್ನು ಅಷ್ಟೆತ್ತರ ಏರಿಸಲು ಹೆಚ್ಚುವರಿ ಸುಮಾರು 5 ಯೂನಿಟ್ ಬೇಕು. ಲೆಕ್ಕಕ್ಕೆ 30 ಕಿ.ಮೀ. ಹೋದಂತೆ. ಹೋಗುವಾಗಿನ ಶೇಕಡಾ ನೋಡಿ ಬರುವಾಗಲೂ ಅಷ್ಟೇ ಸಾಕು ಎಂದುಕೊಂಡವರು ಚೆನ್ನೈ ದಾರಿಯ ಮೊಗಿಲಿ ಘಾಟಿಯಲ್ಲಿ ಬೆವರುತ್ತಾರೆ. ಚಾರ್ಜ್ ಮಾಡುವುದಿದ್ದರೆ ಘಾಟಿಗೆ ಮೊದಲೇ, ಚಿತ್ತೂರಿನ ಕಡೆಯೇ ಮಾಡಿಕೊಳ್ಳಿ.

ಪ್ಲಗ್ಗು, ವೈರು, ಅರ್ಥಿಂಗು

ಬುಕ್ಕಿಂಗ್ ಹಣ ಕಟ್ಟುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಬ್ಯಾಟರಿಗೆ 21 ಯೂನಿಟ್ ಸೇರಬೇಕಾದರೆ ಮೀಟರಿನಲ್ಲಿ 24ರಷ್ಟು ಓಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. 16 ಆಂಪಿಯರ್ ಸಾಕೆಟ್ಟಿನಿಂದ 3 ಕಿಲೊವ್ಯಾಟ್ ಬಂದರೆ ಎಂಟು ತಾಸು. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಕುಸಿದರೆ ಹತ್ತು ತಾಸು ದಾಟುತ್ತದೆ. ನಸುಕಿನ ನಾಲ್ಕಕ್ಕೆ ಲೋಡ್ ಹೊರಡಬೇಕಾದವರು ರಾತ್ರಿ ಊಟ ಮುಗಿಸಿ ಪ್ಲಗ್ ಹಾಕಿದರೆ ಆಗದು, ಸಂಜೆ ಆರಕ್ಕೇ ಹಾಕಬೇಕು.

ವೈರು ತೆಳುವಾದರೆ ಏನಾಗುತ್ತದೆ? ಮನೆಯಿಂದ ಶೆಡ್ಡಿಗೆ 30 ಮೀಟರ್ ಇದೆಯೆನ್ನಿ. 1.5 ಚದರ ಮಿ.ಮೀ. ತಾಮ್ರದಲ್ಲಿ 14 ಆಂಪಿಯರ್ ಹರಿದರೆ ಹತ್ತು ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ, 140 ವ್ಯಾಟ್ ಶಾಖ ರಾತ್ರಿಯಿಡೀ ವೈರಿನೊಳಗೆ ಕೂರುತ್ತದೆ. ಮೊದಲು ಕರಗುವುದು ಸಾಕೆಟ್ಟಿನ ಸಡಿಲ ತೂತು. ಆದ್ದರಿಂದ 4 ಚದರ ಮಿ.ಮೀ. ವೈರು, 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಈ ಲೈನಿನಲ್ಲಿ ಬೇರೆ ಯಾವುದೂ ಬೇಡ. 7.2 ಕಿಲೊವ್ಯಾಟ್ ಚಾರ್ಜರ್ ಆದರೆ 32 ಆಂಪಿಯರಿಗೆ ತಕ್ಕಂತೆ 6 ಚದರ ಮಿ.ಮೀ. ವೈರು ಮತ್ತು ಬೆಸ್ಕಾಂ ಸೆಕ್ಷನ್ ಕಚೇರಿಯಲ್ಲಿ ಮಂಜೂರಾದ ಲೋಡ್ ಏರಿಸುವ ಅರ್ಜಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತನ್ನೇ ಎತ್ತಬೇಡಿ.

ಚಾರ್ಜರಿಗೆ ಕೆಂಪು ದೀಪ ಬಂದು ‘ಗಾಡಿ ಕೆಟ್ಟಿದೆ’ ಎಂದು ಫೋನ್ ಮಾಡುವ ಮುನ್ನ ಅರ್ಥಿಂಗ್ ನೋಡಿಸಿ. ಮಲ್ಟಿಮೀಟರನ್ನು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಇಟ್ಟರೆ ಎರಡು ಮೂರು ವೋಲ್ಟ್ ಮೀರಬಾರದು. ಇಪ್ಪತ್ತು ಮೂವತ್ತು ತೋರಿಸಿದರೆ ಮೂರನೇ ಪಿನ್ನು ಹೆಸರಿಗಷ್ಟೇ ಇದೆ. ಹಳೆಯ ಮನೆಗಳಲ್ಲಿ ಅದರ ವೈರು ಗೋಡೆಯೊಳಗೇ ಮುಗಿದಿರುವುದೂ ಉಂಟು. ನಮ್ಮ ಜಿಲ್ಲೆಯ ನೆಲವೂ ಸಹಕರಿಸುವುದಿಲ್ಲ: ನಾಲ್ಕಡಿ ತೋಡಿದರೆ ಬಂಡೆ, ಏಪ್ರಿಲ್ಲಿನಲ್ಲಿ ಮಣ್ಣು ಒಣ ಬೂದಿ. ಒಂದೇ ಅರ್ಥಿಂಗ್ ಗುಂಡಿ ಆಳಕ್ಕೆ ಹೋಗದಿದ್ದರೆ ಮೂರು ಮೀಟರ್ ಅಂತರದಲ್ಲಿ ಎರಡು ತೋಡಿ, ಎರಡೂ ಕಡ್ಡಿಗಳನ್ನು ತಾಮ್ರದ ಪಟ್ಟಿಯಿಂದ ಜೋಡಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ ತುಂಬಿಸಿ. ಬಚ್ಚಲ ನೀರು ಹರಿಯುವ ಬದಿಯಾದರೆ ಉತ್ತಮ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಸುರಿಯಿರಿ.

ತೋಟದ ಐಪಿ ಸೆಟ್ ಲೈನಿನಿಂದ ಚಾರ್ಜ್ ಮಾಡುವ ಆಸೆ ಬೇಡ. ಆ ವಿದ್ಯುತ್ ಪಂಪಿಗೆಂದೇ ಕೊಟ್ಟದ್ದು, ಬೇರೆ ಬಳಕೆ ಕಂಡರೆ ದಂಡ ಬೀಳುತ್ತದೆ. ಅದಲ್ಲದೆ ತ್ರೀ ಫೇಸ್ ಇರುವುದೇ ಕೆಲವು ತಾಸು.

ಎಸ್‌ಯುವಿ ಕೊಳ್ಳುವವರಿಗೆ

ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ ನೋಡಿ. ಹಲವು ಮಾಡೆಲ್‌ಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಇರುತ್ತದೆ. ಜಲ್ಲಿ ಕಲ್ಲು ಟೈರಿನ ಪಕ್ಕ ಸೀಳಿದರೆ ಆ ಕಿಟ್ಟಿನಿಂದ ಉಪಯೋಗವಿಲ್ಲ. ಬ್ಯಾಟರಿ ಹೊಟ್ಟೆಯಡಿ ಇರುವುದರಿಂದ ಐದು ಜನ ಕೂತು ನಿಮ್ಮೂರ ಹಂಪಿನ ಮೇಲೆ ಒಮ್ಮೆ ದಾಟಿಸಿ ನೋಡಿ.

ಗಾಡಿಯಿಂದಲೇ ಕರೆಂಟ್ ತೆಗೆಯುವ ವಿಟುಎಲ್ ಸೌಲಭ್ಯಕ್ಕೆ ರೈತರಲ್ಲಿ ಬಹಳ ಕುತೂಹಲ. ಸಾಮಾನ್ಯವಾಗಿ ಸಿಗುವುದು 3.3 ಕಿಲೊವ್ಯಾಟ್. ಔಷಧಿ ಸಿಂಪಡಿಸುವ ಪಂಪು, ಡ್ರಿಲ್ಲು, ಶೆಡ್ಡಿನ ದೀಪ ನಡೆಯುತ್ತವೆ. ಬೋರ್‌ವೆಲ್ಲಿನ 5 ಎಚ್‌ಪಿ ತ್ರೀ ಫೇಸ್ ಮೋಟರ್ ತಿರುಗದು. ಸಣ್ಣ ಮೋಟರ್‌ಗಳೂ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆದು ಸಪ್ಲೈ ಕಡಿದುಹೋಗುವಂತೆ ಮಾಡಬಹುದು.

ಕಾಗದ

ಟೆಸ್ಟ್ ಡ್ರೈವಿಗೆ ಖಾಲಿ ಗಾಡಿ ಬೇಡ. ನಿಮ್ಮದೇ ಲೋಡ್ ಹಾಕಿ ಮುಳಬಾಗಿಲಿನ ಕಡೆ 30 ಕಿ.ಮೀ. ಓಡಿಸಿ. ಶೇ 27 ಇಳಿದರೆ ಪೂರ್ತಿ ಬ್ಯಾಟರಿಗೆ 110 ಕಿ.ಮೀ. ಎಂದರ್ಥ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಶೇಕಡಾ ಸರಿಯಾಗಿ ತೋರಿಸಲು ಅದನ್ನು ಆಗಾಗ ನೂರಕ್ಕೆ ತುಂಬಿಸಬೇಕು, ಆದ್ದರಿಂದ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿಟ್ಟ ಗಾಡಿಯನ್ನೇ ಕೇಳಿ.

ಕೇಂದ್ರದ ಪಿಎಂ ಇ-ಡ್ರೈವ್ ಸಬ್ಸಿಡಿಯಲ್ಲಿ ಕಾರು ಇಲ್ಲ. ಟ್ರಕ್ ಇದೆ, ಆದರೆ ಗಾಡಿ, ಲೋಡ್ ಸೇರಿ 3.5 ಟನ್ ಮೀರಿದ್ದಕ್ಕೆ, ಅದೂ ಹಳೆ ಟ್ರಕ್ ಗುಜರಿಗೆ ಹಾಕಿದ ಪ್ರಮಾಣಪತ್ರದೊಡನೆ. ಚೋಟಾ ಹಾಥಿ ಗಾತ್ರದ್ದಕ್ಕೆ ಅದರ ಲೆಕ್ಕ ಹಿಡಿದು ಸಾಲ ಮಾಡಬೇಡಿ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ರಾಜ್ಯ 2024ರಲ್ಲಿ ರಸ್ತೆ ತೆರಿಗೆ ತಂದಿತು. ಬುಕ್ ಮಾಡುವ ದಿನದ ದರವನ್ನು ಆರ್‌ಟಿಒದಲ್ಲೇ ಕೇಳಿ.

ವಾರಂಟಿ ಪುಸ್ತಕದಲ್ಲಿ ವರ್ಷ, ಕಿ.ಮೀ. ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅದೇ ಕೊನೆ. ದಿನಕ್ಕೆ 100 ಕಿ.ಮೀ. ಓಡುವ ಗಾಡಿ ವರ್ಷಕ್ಕೆ 30 ಸಾವಿರ ದಾಟುತ್ತದೆ. ಬ್ಯಾಟರಿ ಶೇ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಅದನ್ನು ಅಳೆಯುವವರು ಯಾರು, ಅಷ್ಟು ದಿನ ಗಾಡಿ ಎಲ್ಲಿ ನಿಲ್ಲುತ್ತದೆ: ಕೋಲಾರದಲ್ಲೋ ಬೆಂಗಳೂರಿನಲ್ಲೋ? ಈ ಮೂರಕ್ಕೂ ಉತ್ತರವನ್ನು ಡೀಲರ್ ಸಹಿ ಹಾಕಿದ ಹಾಳೆಯಲ್ಲಿ ಪಡೆದುಕೊಂಡು ಮುಂಗಡ ಕೊಡಿ.