ಲಾರಿಯ ತಪ್ಪು 30 ಪರ್ಸೆಂಟ್, ದುಡ್ಡು ಪೂರ್ತಿ: ನನ್ನ ಅನುಭವ

ನಾನು ಅಪಘಾತ ಪರಿಹಾರದ ಕೇಸು ನಡೆಸುವ ವಕೀಲ. ರಾತ್ರಿ ರೋಡಿನಲ್ಲಿ ನಿಂತಿದ್ದ ಲಾರಿಗೆ ಬೈಕ್ ಗುದ್ದಿದೆ. ಚಾರ್ಜ್‌ಶೀಟ್ ಬೈಕ್ ಸವಾರನ ಮೇಲೆ. ಬೈಕಿಗೆ ಇನ್ಶೂರೆನ್ಸ್ ಇಲ್ಲ. ಹಿಂದೆ ಕೂತಿದ್ದ ಹೆಂಗಸಿನ ಕಾಲು ಎರಡು ಕಡೆ ಮುರಿದಿದೆ. ಇಂಥ ಫೈಲ್ ಬಂದರೆ ನಮ್ಮಲ್ಲಿ ಹೆಚ್ಚಿನವರು "ಪರಿಹಾರದ ಅವಾರ್ಡ್ ಆಗುತ್ತೆ, ವಸೂಲಿ ಆಗಲ್ಲ" ಅಂತ ವಾಪಸ್ ಕಳಿಸುತ್ತಾರೆ. ನಾನು ಇಟ್ಟುಕೊಂಡೆ. ನಿಂತಿದ್ದ ಲಾರಿಯ ಇನ್ಶೂರೆನ್ಸ್ ಕಂಪನಿಯಿಂದಲೇ ಪೂರ್ತಿ ಹಣ ಬಂತು.

ಸೀನಿಯರ್‌ಗಳು ಹೇಳಿದ್ದು ಒಂದೇ ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 164ರಲ್ಲಿ ಹಾಕು, ತಪ್ಪು ಸಾಬೀತು ಮಾಡುವ ಗೋಜಿಲ್ಲ, ಎರಡೂವರೆ ಲಕ್ಷ ಗ್ಯಾರಂಟಿ. ಆದರೆ ಆಸ್ಪತ್ರೆ ಬಿಲ್ಲೇ ಮೂರು ಲಕ್ಷ ದಾಟಿತ್ತು. ಅದಕ್ಕೇ ಸೆಕ್ಷನ್ 166ರಲ್ಲಿ ಹಾಕಿದೆ. 166ರ ಅರ್ಜಿ ಅಂದರೆ ಅಪ್ಪಟ ಟಾರ್ಟ್, ಅಂದರೆ ತಪ್ಪು ಮಾಡಿದವರು ನಷ್ಟ ತುಂಬಿಕೊಡುವ ಕಾನೂನು. ಯಾರ ತಪ್ಪು, ಅದರಿಂದ ಎಷ್ಟು ನಷ್ಟ, ಅಷ್ಟೂ ಕೊಡಬೇಕು. ಇಬ್ಬರ ತಪ್ಪು ಸೇರಿ ಮೂರನೆಯವರಿಗೆ ಪೆಟ್ಟಾದರೆ ಆ ಮೂರನೆಯವರು ಯಾರೊಬ್ಬರಿಂದಲಾದರೂ ಪೂರ್ತಿ ಕೇಳಬಹುದು. 2015ರ ಖೆನ್ಯೇಯಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಂದರೆ ನನಗೆ ಲಾರಿಯ ತಪ್ಪು ಒಂದಿಷ್ಟು ಸಿಕ್ಕರೂ ಸಾಕಿತ್ತು.

ಇದೇ ದಾರಿ ಮುಂಚೆ ಕೈಕೊಟ್ಟಿತ್ತು. ಒಂದು ಕೇಸಿನಲ್ಲಿ ಟ್ರಿಬ್ಯುನಲ್ (ಅಪಘಾತ ಪರಿಹಾರದ ನ್ಯಾಯಮಂಡಳಿ) ಕಾಂಪೊಸಿಟ್ ನೆಗ್ಲಿಜೆನ್ಸನ್ನು (ಇಬ್ಬರ ತಪ್ಪು ಸೇರಿ ಮೂರನೆಯವರಿಗೆ ಪೆಟ್ಟಾಗುವುದು) ಕಾಂಟ್ರಿಬ್ಯೂಟರಿ (ಪೆಟ್ಟಾದವರದೇ ತಪ್ಪೂ ಸೇರಿರುವುದು) ಥರ ನೋಡಿ, 50-50 ಹಂಚಿ, ಕಂಪನಿ ಅರ್ಧ ಮಾತ್ರ ಕೊಡಲಿ ಎಂದಿತು. ಉಳಿದರ್ಧಕ್ಕೆ ಬೈಕ್ ಮಾಲೀಕನ ಹಿಂದೆ ಅಲೆದರೂ ಒಂದು ರೂಪಾಯಿ ಹುಟ್ಟಲಿಲ್ಲ. ಅಪೀಲಿಗೆ ಹೋಗಲು ಕಕ್ಷಿದಾರರಿಗೆ ಶಕ್ತಿ ಇರಲಿಲ್ಲ. ಇನ್ನೊಂದರಲ್ಲಿ ಕಣ್ಣಾರೆ ಕಂಡ ಸಾಕ್ಷಿ ಕ್ರಾಸ್‌ನಲ್ಲಿ (ಪಾಟಿ ಸವಾಲಿನಲ್ಲಿ) "ಲಾರಿ ರೋಡ್ ಪಕ್ಕದಲ್ಲಿತ್ತು" ಅಂದುಬಿಟ್ಟ. ಅಲ್ಲಿಗೆ ಮುಗಿಯಿತು.

ಹಾಗಾಗಿ ಈ ಸಲ ಮನುಷ್ಯರ ಬಾಯಿಯನ್ನು ನಂಬಿ ಕೂರಲಿಲ್ಲ. ಸ್ಪಾಟ್ ಸ್ಕೆಚ್‌ನಲ್ಲಿ ಲಾರಿಯ ಎಡಗಾಲಿಯಿಂದ ಮಣ್ಣಿನ ಅಂಚಿಗೆ ಎಷ್ಟು ಅಡಿ ಅಂತ ಇತ್ತು. ಡಾಂಬರಿನ ಮೇಲೇ ನಿಂತಿದ್ದು ಖಚಿತ. ಐಎಂವಿ (ಮೋಟಾರು ವಾಹನ ಇನ್ಸ್‌ಪೆಕ್ಟರ್) ರಿಪೋರ್ಟ್‌ನಲ್ಲಿ ಹಿಂದಿನ ರಿಫ್ಲೆಕ್ಟರ್ ಬಗ್ಗೆ ಒಂದು ಸಾಲು. ಚಾರ್ಜ್‌ಶೀಟ್ ಬರೆದವರು ಅದನ್ನು ಓದಿಯೇ ಇರಲಿಲ್ಲ ಅನಿಸುತ್ತೆ. ಅಪಘಾತ ರಾತ್ರಿ, ವಾಹನವನ್ನು ಅಪಾಯವಾಗುವಂತೆ ನಿಲ್ಲಿಸಬಾರದು ಅನ್ನುವ ಸೆಕ್ಷನ್ 122 ಜೊತೆಗಿತ್ತು. ನಮ್ಮ ಟ್ರಿಬ್ಯುನಲ್‌ನಲ್ಲಿ ಐಎಂವಿ ರಿಪೋರ್ಟನ್ನು ನನ್ನಷ್ಟು ಕೆದಕಿ ಓದುವವರು ಕಡಿಮೆ. ಲಾರಿ ಡ್ರೈವರನ್ನು ಕಂಪನಿಯೇ ಸಾಕ್ಷಿಗೆ ತಂದಿತು. ಅವನನ್ನು ಯಾವ ಪ್ರಶ್ನೆಯಿಂದ ಶುರು ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಇದೇ ಥರದ ಇನ್ನೊಂದು ಕೇಸ್ ನಡೀತಿದೆ. ಆದರೆ ಈ ಲಾರಿ ಪಂಕ್ಚರ್ ಆಗಿ ಒಂದು ಗಂಟೆ ಮೇಲೆ ನಿಂತಿತ್ತು, ಹಿಂದೆ ಕಲ್ಲು, ಸೊಪ್ಪು, ಏನೂ ಇಟ್ಟಿರಲಿಲ್ಲ ಅಂತ ಅವನ ಬಾಯಿಂದಲೇ ಬಂತು.

ಬೈಕ್ ಸವಾರನನ್ನು ನಾನು ಕೇಸಿನಲ್ಲಿ ಎದುರು ಪಾರ್ಟಿ ಮಾಡಿರಲಿಲ್ಲ. ಕಂಪನಿ ಅರ್ಜಿ ಹಾಕಿ ಮಾಡಿಸಿತು. ನಾನು ಹೆಚ್ಚು ತಕರಾರು ಮಾಡಲಿಲ್ಲ. ಅವನು ಬಂದರೂ ನಮ್ಮ ಹಕ್ಕು ಚೂರೂ ಕಡಿಮೆ ಆಗಲ್ಲ. ಅವನಿಗೂ ಪೆಟ್ಟಾಗಿತ್ತು, ತನ್ನ ಕೇಸನ್ನೂ ನಾನೇ ನಡೆಸಲಿ ಅಂತ ಬಂದಿದ್ದ. ಒಪ್ಪಲಿಲ್ಲ. ಅವನಿಗೆ ಅವನದೇ ತಪ್ಪು ಕಳೆದು ಕೊಡುತ್ತಾರೆ, ಹಿಂದೆ ಕೂತಿದ್ದವಳಿಗೆ ಹಾಗಲ್ಲ. ಇಬ್ಬರ ಹಿತ ಒಂದೇ ಅಲ್ಲ.

ಇನ್ನು ಮೊತ್ತ. ಅವಳು ಮನೆಯಲ್ಲಿ ಟೈಲರಿಂಗ್ ಮಾಡುತ್ತಿದ್ದಳು. ವಯಸ್ಸು 38. ಡಾಕ್ಟರ್ ಕಾಲಿಗೆ 45, ಇಡೀ ದೇಹಕ್ಕೆ 15 ಪರ್ಸೆಂಟ್ ಎಂದರು. ಅಲ್ಲಿಗೇ ಬಿಟ್ಟರೆ ಆದಾಯ ನಷ್ಟ ಐದು ಲಕ್ಷದ ಸುಮಾರಿಗೆ ನಿಲ್ಲುತ್ತಿತ್ತು. ಅಂಗವೈಕಲ್ಯ ದುಡಿಮೆಯನ್ನು ಎಷ್ಟು ತಟ್ಟಿತು ಅಂತ ನೋಡಬೇಕು ಅನ್ನುವ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು ಹಿಡಿದು, ಹೊಲಿಗೆ ಯಂತ್ರ ತುಳಿಯಲು ಪಾದ ಎಷ್ಟು ಬಾಗಬೇಕು ಅಂತ ಡಾಕ್ಟರ್ ಹತ್ತಿರವೇ ಹೇಳಿಸಿದೆ. ಫಂಕ್ಷನಲ್ ಡಿಸೆಬಿಲಿಟಿ, ಅಂದರೆ ದುಡಿಯುವ ಶಕ್ತಿಯ ನಷ್ಟ, 30 ಪರ್ಸೆಂಟ್ ಆಯಿತು. ಆದಾಯಕ್ಕೆ ದಾಖಲೆ ಇರಲಿಲ್ಲ. ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕ ಹಾಕಿದೆ. ತಿಂಗಳು ತಪ್ಪದೆ ಕಂತು ಕಟ್ಟಿದ್ದಾಳೆ, ದುಡಿಮೆ ಇಲ್ಲದೆ ಕಟ್ಟೋಕಾಗುತ್ತಾ? ಟ್ರಿಬ್ಯುನಲ್ ತಿಂಗಳಿಗೆ 14,000 ಒಪ್ಪಿತು. ಮುಂದೆ ಆದಾಯ ಏರುತ್ತಿತ್ತು ಅಂತ 40 ಪರ್ಸೆಂಟ್ ಫ್ಯೂಚರ್ ಪ್ರಾಸ್ಪೆಕ್ಟ್ಸ್, ವಯಸ್ಸಿಗೆ ತಕ್ಕಂತೆ ವರ್ಷದ ನಷ್ಟವನ್ನು ಗುಣಿಸುವ ಮಲ್ಟಿಪ್ಲೈಯರ್ 15. ಇದೊಂದೇ ಹೆಡ್‌ನಲ್ಲಿ ಹತ್ತೂವರೆ ಲಕ್ಷ. ಅವಳು ಹೊಲಿಯಲು ಕಷ್ಟಪಡುವ ಮೊಬೈಲ್ ವಿಡಿಯೊವನ್ನೂ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಿದ್ದ 65ಬಿ ಸರ್ಟಿಫಿಕೇಟ್ ಜೊತೆ ಹಾಕಿದ್ದೆ. ಅದು ದಾಖಲೆಯಾಗಿ ಮಾರ್ಕ್ ಆಯಿತು ಅಷ್ಟೇ, ತೀರ್ಪಿನಲ್ಲಿ ಅದರ ಮಾತೇ ಇಲ್ಲ.

ಖರ್ಚೂ ಸಣ್ಣದಲ್ಲ. ಡಾಕ್ಟರ್ ಸಾಕ್ಷಿ, ಕೇಸ್ ಶೀಟ್, ಸರ್ಟಿಫೈಡ್ ಕಾಪಿ, ಓಡಾಟ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಗಿತ್ತು. ನಡುವೆ ಲೋಕ್ ಅದಾಲತ್‌ನಲ್ಲಿ ಕಂಪನಿ ಮೂರೂವರೆ ಲಕ್ಷಕ್ಕೆ ಬಂತು. ಮನೆಯವರು ಒಪ್ಪುವ ಅಂಚಿಗೆ ಬಂದಿದ್ದರು. ಅವರನ್ನು ತಡೆದು ನಿಲ್ಲಿಸಿದ್ದು ಇಡೀ ಕೇಸಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ.

ಕೊನೆಗೆ ತಪ್ಪಿನಲ್ಲಿ ಸವಾರನದು 70, ಲಾರಿಯದು 30 ಪರ್ಸೆಂಟ್ ಅಂತ ತೀರ್ಪಾಯಿತು. ಪೂರ್ತಿ ಹಣ ಕಂಪನಿ ಕಟ್ಟಬೇಕು, 70ರ ಭಾಗವನ್ನು ಸವಾರನಿಂದ ವಸೂಲಿ ಮಾಡಿಕೊಳ್ಳಬೇಕು. ಹದಿನಾರು ಲಕ್ಷ ಚಿಲ್ಲರೆ, 6 ಪರ್ಸೆಂಟ್ ಬಡ್ಡಿ ಸೇರಿ ಹದಿನೆಂಟರ ಹತ್ತಿರ. ಕಂಪನಿ ಅಪೀಲ್ ಅಂತ ಹೆದರಿಸಿ, ಆಮೇಲೆ ಡೆಪಾಸಿಟ್ ಮಾಡಿತು.

ಈಗ ಇಂಥ ಫೈಲ್ ಹಿಡಿದು ಜೂನಿಯರ್‌ಗಳು ಬರುತ್ತಾರೆ. ಬೈಕ್ ಓಡಿಸಿದ್ದು ಯಾರು ಅಂತ ಮೊದಲು ಕೇಳುತ್ತೇನೆ. ಗಂಡನೇ ಆಗಿದ್ದರೆ ಕಂಪನಿ ಆ 70 ಪರ್ಸೆಂಟಿಗೆ ಅದೇ ಮನೆ ಬಾಗಿಲಿಗೆ ಬರುತ್ತದೆ. ಅದನ್ನು ವಕಾಲತ್ತಿಗೆ ಸಹಿ ಹಾಕಿಸುವ ಮುಂಚೆಯೇ ಕಕ್ಷಿದಾರರಿಗೆ ಹೇಳಿಬಿಡಿ ಅನ್ನುತ್ತೇನೆ.