ಕೈಯಾರೆ ಮಾಡಿದ ಗಿಡಮೂಲಿಕೆ ಮದ್ದನ್ನು ಮಾರಾಟಕ್ಕೆ ಪ್ಯಾಕ್ ಮಾಡುವ ಬಗೆ
ಮನೆಯಲ್ಲಿ ತಯಾರಿಸಿದ ಮೂಲಿಕೆ ಪುಡಿ, ತೈಲ, ಮುಲಾಮುಗಳನ್ನು ಸಣ್ಣ ಪ್ರಮಾಣದಲ್ಲಿ ಮಾರಲು ಹೊರಟವರು ಸಾಮಾನ್ಯವಾಗಿ ಚೆಂದದ ಡಬ್ಬಿ ಹುಡುಕುವುದರಿಂದ ಕೆಲಸ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಒಳಗೆ ಹೋಗುವ ಪದಾರ್ಥದ ತೇವ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು ಅದೇ. ಒಮ್ಮೆ ಒಳಗೆ ಸೇರಿದ ತೇವವನ್ನು ಎಷ್ಟೇ ಬಿಗಿಯಾದ ಮುಚ್ಚಳವೂ ಹೊರಹಾಕಲಾರದು.

ಒಣಗಿದ ಎಲೆ ಬೆರಳುಗಳ ನಡುವೆ ಪುಡಿಯಾಗಬೇಕು. ಕಡ್ಡಿ ಬಾಗದೆ ಲಟಕ್ಕನೆ ಮುರಿಯಬೇಕು. ಬೇರು ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿ ಉಳಿಸಿಕೊಂಡಿರುತ್ತದೆಯಾದ್ದರಿಂದ ಅದನ್ನು ಮೊದಲೇ ತೆಳ್ಳಗೆ ಹೆಚ್ಚಿ ಒಣಗಿಸುವುದು ಒಳಿತು. ಅನುಮಾನವಿದ್ದರೆ ಒಂದು ಹಿಡಿಯಷ್ಟನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ 2 ದಿನ ಇಟ್ಟು ನೋಡಿ. ಒಳಗೋಡೆಯಲ್ಲಿ ಮಂಜು ಕಟ್ಟಿದರೆ ಇಡೀ ರಾಶಿಯನ್ನು ಮತ್ತೆ ಹರವಬೇಕು. ಪುಡಿ ಬೀಸುವಾಗ ಬಿಸಿಯಾಗಿರುತ್ತದೆ, ಆರಿದ ಮೇಲಷ್ಟೇ ತುಂಬಿ.

ಮುಂದಿನದು ಪಾತ್ರೆಯ ಆಯ್ಕೆ. ಬೆಳಕು ಎಲೆಯ ಹಸಿರನ್ನು ಕೆಡಿಸುತ್ತದೆ, ಗಾಳಿ ಎಣ್ಣೆಯನ್ನು ಕಮಟಾಗಿಸುತ್ತದೆ. ಆದ್ದರಿಂದ ತೈಲ ಮತ್ತು ಮದ್ಯಸಾರದ ಅರ್ಕಗಳಿಗೆ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವ ಕಂದು ಗಾಜಿನ ಸೀಸೆಯೇ ಸೂಕ್ತ. ಸುಗಂಧ ತೈಲಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತವೆ. ಡ್ರಾಪರಿನ ರಬ್ಬರು ಕೂಡ ಎಣ್ಣೆ ಮತ್ತು ಮದ್ಯಸಾರದ ಸಂಪರ್ಕದಲ್ಲಿ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಸೀಸೆಗೆ ಸಾದಾ ಮುಚ್ಚಳ ಹಾಕಿ ಡ್ರಾಪರನ್ನು ಪ್ರತ್ಯೇಕವಾಗಿ ಕೊಡುವುದು ಮೇಲು. ಗಾಜಿನ ಸೀಸೆಗಳನ್ನು ಸೋಪಿನಿಂದ ತೊಳೆದು, 10 ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿಸಿ, ಬೋರಲು ಹಾಕಿ ಹನಿಯೂ ಉಳಿಯದಂತೆ ಒಣಗಿಸಿ.

ತೈಲವನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ತಳದಲ್ಲಿ ನಿಂತ ಗಸಿಯನ್ನು ಕದಡದೆ ಮೇಲಿನ ತಿಳಿಯನ್ನಷ್ಟೇ ಕುತ್ತಿಗೆಯವರೆಗೆ ತುಂಬಬೇಕು. ಆ ಗಸಿಯಲ್ಲಿ ನೀರು ಇರಬಹುದು. ಮುಲಾಮಿನಲ್ಲಿ ಹಲವರು ಎಡವುವುದು ಅವಸರದಿಂದ: ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸುರಿದ ಕೂಡಲೇ ಮುಚ್ಚಳ ಬಿಗಿದರೆ ಆವಿ ಹನಿಯಾಗಿ ಮುಲಾಮಿನ ಮೇಲೆಯೇ ಬೀಳುತ್ತದೆ. ಶುಭ್ರವಾದ ತೆಳುಬಟ್ಟೆ ಹೊದಿಸಿ, ಪೂರ್ತಿ ತಣಿದ ಮೇಲೆ ಮುಚ್ಚಿ. ನೀರು ಸೇರಿರುವ ಕ್ರೀಮು, ಕಷಾಯಗಳನ್ನು ಕೆಡದಂತೆ ತಡೆಯುವ ಸಂರಕ್ಷಕವಿಲ್ಲದೆ ಮಾರಬಾರದು. ಮೊದಲ ಬಾರಿಗೆ ಮಾರುವವರು ಅವುಗಳಿಗೆ ಕೈಹಾಕದಿರುವುದೇ ಕ್ಷೇಮ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಡಬ್ಬಿ, ಸೀಸೆಗಳಿಗೆ ಅಂಟಿಸುವ ಚೀಟಿ. ಕೊಂಡವರು ಮನೆಗೆ ಹೋದ ಮೇಲೆ ತಯಾರಕರ ಪರವಾಗಿ ಮಾತನಾಡುವುದು ಅದೊಂದೇ. ಗಿಡದ ಆಡುಹೆಸರಿನ ಜೊತೆಗೆ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಯಲೇಬೇಕು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಇನ್ನು ಕೆಲವರಿಗೆ ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಬಳಸಿದ ಭಾಗ, ಎಲ್ಲ ಪದಾರ್ಥಗಳ ಪಟ್ಟಿ, ನಿವ್ವಳ ಪ್ರಮಾಣ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ತಂಡದ (ಒಂದೇ ಬಾರಿಗೆ ತಯಾರಾದ ಸರಕಿನ, ಅಂದರೆ ಬ್ಯಾಚಿನ) ಸಂಖ್ಯೆ, ಬಳಸುವ ವಿಧಾನ ಮತ್ತು ತಯಾರಕರ ವಿಳಾಸ ಇರಲಿ. ಹಚ್ಚುವ ಮದ್ದಾದರೆ ‘ಹೊರಬಳಕೆಗೆ ಮಾತ್ರ’ ಎಂಬುದು ದಪ್ಪಕ್ಷರದಲ್ಲಿರಲಿ. ತೂಕವನ್ನೂ ಅಳತೆಯನ್ನೂ ಬೆರೆಸಬೇಡಿ: 100 ಮಿಲಿಲೀಟರ್ ಎಣ್ಣೆ ಸುಮಾರು 92 ಗ್ರಾಂ ಅಷ್ಟೇ ತೂಗುತ್ತದೆ. ಎಣ್ಣೆ ತಾಗಿದರೆ ಅಳಿಸಿಹೋಗುವ ಶಾಯಿ ಬೇಡ.

ರೋಗ ವಾಸಿಮಾಡುತ್ತದೆ ಎಂದು ಚೀಟಿಯಲ್ಲಿ ಬರೆದರೆ ಬಹುತೇಕ ದೇಶಗಳಲ್ಲಿ ಆ ಸೀಸೆ ಔಷಧ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಮಾರಾಟಕ್ಕೆ ಪರವಾನಗಿ ಬೇಕೇ ಎಂಬುದನ್ನು ಚೀಟಿ ಅಚ್ಚಾಗುವ ಮೊದಲೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಕೊನೆಗೆ, ಮುಚ್ಚಳದ ಸುತ್ತ ಒಮ್ಮೆ ತೆರೆದರೆ ಹರಿಯುವಂಥ ಪಟ್ಟಿ ಸುತ್ತಿ, ಪ್ರತಿ ತಂಡದಿಂದ ಒಂದು ಸೀಸೆಯನ್ನು ಮಾರದೆ ಎತ್ತಿಡಿ. ಅದೇ ಸಂಖ್ಯೆಯಡಿ ಮೂಲಿಕೆ ಎಲ್ಲಿಂದ ಬಂತು, ಎಂದು ಒಣಗಿತು, ಯಾವ ಎಣ್ಣೆ ಬಳಸಲಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಯಾರಾದರೂ ವಾಸನೆ ಬದಲಾಗಿದೆ ಎಂದು ಹೇಳಿ ಬಂದ ದಿನ, ಆ ಸೀಸೆಯನ್ನು ತೆರೆದು ಮೂಸಿದರೆ ತಪ್ಪು ತಯಾರಿಕೆಯಲ್ಲಾಯಿತೇ, ಕೊಂಡವರು ಇಟ್ಟ ಜಾಗದಲ್ಲಾಯಿತೇ ಎಂಬುದು ಗೊತ್ತಾಗುತ್ತದೆ.